ಕ್ಯಾಮೆರಾಕ್ಕಿಂತ ಮೊದಲು ಮೈಕು

ಮೊದಲ ಕಿರುಚಿತ್ರ ಇನ್ನೂ ತೆಗೆಯಬೇಕಿರುವ ಅಥವಾ ತೆಗೆದು ಯಾರಿಗೂ ತೋರಿಸದೆ ಇಟ್ಟುಕೊಂಡಿರುವ ಗೆಳೆಯರೇ,

ಆಶಯ ಭಾಷಣ ಅಂದರೆ ಇಡೀ ವಿಚಾರ ಸಂಕಿರಣಕ್ಕೆ ದಿಕ್ಕು ತೋರಿಸಬೇಕು ಎಂಬುದು ವಾಡಿಕೆ. ನನ್ನಲ್ಲಿರುವುದು ಒಂದೇ ಮಾತು: ಕೈಯಲ್ಲಿರುವ ಹಣದ ಮೊದಲ ಪಾಲನ್ನು ಧ್ವನಿಗೆ ಕೊಡಿ.

ಹೊಸಬರು ಸಿಕ್ಕಾಗಲೆಲ್ಲ ಯಾವ ಕ್ಯಾಮೆರಾ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. ಇವತ್ತಿನ ಸಾಧಾರಣ ಫೋನು ಕೂಡ ಹಗಲು ಬೆಳಕಿನಲ್ಲಿ ಒಳ್ಳೆಯ ಚಿತ್ರವನ್ನೇ ಕೊಡುತ್ತದೆ. ಚಿತ್ರ ತುಸು ಮಸುಕಾದರೆ, ಅಲುಗಿದರೆ, ಇದೇ ಇವರ ಶೈಲಿ ಇರಬೇಕು ಎಂದುಕೊಂಡು ನೋಡುವವರು ಸುಮ್ಮನಾಗುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೊಬೈಲಿನಲ್ಲಿ ನೋಡುವವರಿಗಂತೂ ಏಳುವ ಶ್ರಮವೂ ಇಲ್ಲ, ಹೆಬ್ಬೆರಳು ಸಾಕು.

ಧ್ವನಿಯ ಬಗ್ಗೆ ನಮಗಿರುವ ಉದಾಸೀನಕ್ಕೆ ಹಳೆಯ ಕಾರಣವಿದೆ. ರೀಲಿನ ಕಾಲದಲ್ಲಿ ಆರಿಫ್ಲೆಕ್ಸ್ 2ಸಿಯಂಥ ಕ್ಯಾಮೆರಾಗಳು ಓಡುವಾಗ ಗರಗರ ಸದ್ದು ಮಾಡುತ್ತಿದ್ದವು. ಆ ಸದ್ದಿನ ನಡುವೆ ಮಾತು ಹಿಡಿಯುವುದಕ್ಕಿಂತ ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡುವುದೇ ಸುಲಭವಾಯಿತು. ಕ್ಯಾಮೆರಾದ ಸದ್ದು ನಿಂತ ಮೇಲೂ ಅಭ್ಯಾಸ ನಿಲ್ಲಲಿಲ್ಲ. ಇದರಿಂದ ಆದ ನಷ್ಟ ಬರೀ ತಾಂತ್ರಿಕವಲ್ಲ. ಡಬ್ಬಿಂಗ್ ಕೋಣೆಯೊಳಗೆ ಹೋದ ಮಾತು ಹೊರಬರುವಾಗ ತನ್ನ ಊರನ್ನು ಕಳೆದುಕೊಂಡಿರುತ್ತದೆ. ಕುಂದಾಪುರದವರೂ ಕಲಬುರಗಿಯವರೂ ಒಂದೇ ಕನ್ನಡ ಆಡುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಬೆಂಗಳೂರಿನಲ್ಲಿ ಕೂತು ಊಹಿಸಿಕೊಂಡ ‘ಉತ್ತರ ಕರ್ನಾಟಕ’ದ ಕನ್ನಡ. ಅದನ್ನು ಕೇಳಿ ಧಾರವಾಡದವರು ನಗುವುದನ್ನು ನೀವೂ ನೋಡಿರುತ್ತೀರಿ.

ರಾಮ್ ರೆಡ್ಡಿಯವರು ಈರೇಗೌಡರ ಜೊತೆ ಬರೆದು ನಿರ್ದೇಶಿಸಿದ ‘ತಿಥಿ’ಯನ್ನು ನೆನಪಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯ ಗಂಧವಿಲ್ಲದ ಹಳ್ಳಿಯವರನ್ನೇ ಇಟ್ಟುಕೊಂಡು ತೆಗೆದ ಚಿತ್ರ ಅದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ್ದು, 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಟೇಶ್ ಹೆಗಡೆಯವರ ‘ಪೆದ್ರೊ’ದಲ್ಲಿ ಮುಖ್ಯ ಪಾತ್ರ ಮಾಡಿದವರು ಅವರ ತಂದೆಯೇ. ಇಂಥವರಿಂದ ಒಮ್ಮೆ ಬಂದ ಮಾತು ಇನ್ನೊಮ್ಮೆ ಹಾಗೇ ಬರುವುದಿಲ್ಲ. ತುಟಿಯ ಚಲನೆಗೆ ಮಾತು ಕೂರಿಸುವುದು ಬೇರೆಯೇ ಕಸುಬು, ಅದನ್ನು ಕತ್ತಲೆ ಕೋಣೆಯಲ್ಲಿ ಅವರಿಂದ ಕೇಳುವುದು ಅನ್ಯಾಯ. ನಿಮ್ಮ ಅಜ್ಜಿಯನ್ನೋ ಪಕ್ಕದ ಮನೆಯ ದರ್ಜಿಯನ್ನೋ ನಟಿಸಲು ಕರೆಯುವವರಿದ್ದರೆ, ಸ್ಥಳದಲ್ಲೇ ಧ್ವನಿ ಹಿಡಿಯದೆ ಗತಿಯಿಲ್ಲ.

ಹಿಡಿಯುವುದು ಹೇಗೆ? ಮೈಕನ್ನು ಬಾಯಿಯ ಹತ್ತಿರ ಒಯ್ಯಿರಿ, ಉಳಿದದ್ದೆಲ್ಲ ಆಮೇಲೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಕ್ಯಾಮೆರಾದ ತಲೆಯ ಮೇಲೆ ಕೂರಿಸಿದ ದುಬಾರಿ ಮೈಕಿಗಿಂತ, ಕೋಲಿಗೆ ಕಟ್ಟಿ ಫ್ರೇಮಿನ ಅಂಚಿನವರೆಗೆ ಇಳಿಬಿಟ್ಟ ಸಾದಾ ಮೈಕು ವಾಸಿ. ಅದೂ ಇಲ್ಲವೇ? ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ನಟರ ಅಂಗಿಯ ಜೇಬಿಗೆ ಹಾಕಿ. ಶಾಟಿಗೆ ಮೊದಲು ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿದರೆ, ಎಡಿಟಿಂಗಿನಲ್ಲಿ ಆ ಗುರುತು ಹಿಡಿದು ಎರಡನ್ನೂ ಹೊಂದಿಸಬಹುದು. ತಂಡದಲ್ಲಿ ಒಬ್ಬರು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಲೇ ಇರಬೇಕು. ‘ಕಟ್’ ಅನ್ನುವ ಅಧಿಕಾರವೂ ಅವರಿಗಿರಬೇಕು. ಇದನ್ನು ಬಿಟ್ಟುಕೊಡಲು ನಿರ್ದೇಶಕರಿಗೆ ಮನಸ್ಸಾಗುವುದಿಲ್ಲ, ಅದು ಬೇರೆ ಮಾತು.

ಲೊಕೇಶನ್ ನೋಡಲು ಹೋದಾಗ, ಯಾವ ಹೊತ್ತಿಗೆ ಚಿತ್ರೀಕರಣವೋ ಅದೇ ಹೊತ್ತಿಗೆ ಹೋಗಿ ಕಣ್ಣು ಮುಚ್ಚಿ ಕೂತು ಕೇಳಿ. ಹಿಟ್ಟಿನ ಗಿರಣಿ, ಗುಡಿಯ ಲೌಡ್‌ಸ್ಪೀಕರು, ಶಾಲೆ ಬಿಡುವ ಗಂಟೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ತ್ರೀ ಫೇಸ್ ಕರೆಂಟು ಯಾವಾಗ ಕೊಡುತ್ತಾರೆ ಎಂದು ಊರವರನ್ನು ವಿಚಾರಿಸಿ, ಆ ಕ್ಷಣದಿಂದ ತೋಟದ ಪಂಪ್‌ಸೆಟ್ಟುಗಳೆಲ್ಲ ಶುರುವಾಗುತ್ತವೆ. ಮನೆಯೊಳಗಾದರೆ ಫ್ಯಾನು, ಫ್ರಿಜ್ಜು ಆರಿಸಿ. ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡಿ, ಹೊರಡುವಾಗ ಮತ್ತೆ ಚಾಲೂ ಮಾಡಲು ಮರೆಯುವುದಿಲ್ಲ, ಮನೆಯವರ ಹಾಲೂ ಒಡೆಯುವುದಿಲ್ಲ. ಕೊನೆಗೆ ಎಲ್ಲರನ್ನೂ ಅಲ್ಲಾಡದಂತೆ ನಿಲ್ಲಿಸಿ ಆ ಜಾಗದ ಬರಿದಾದ ಸದ್ದನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಶಾಟುಗಳ ನಡುವೆ ಬೀಳುವ ಸಂದುಗಳನ್ನು ಮುಚ್ಚಲು ಅದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ.

ಚಿತ್ರದ ಬಗ್ಗೆ ಒಂದೇ ಒಂದು ಸಲಹೆ: ನಮ್ಮ ವಿದ್ಯುತ್ತು 50 ಹರ್ಟ್ಸ್, ಟ್ಯೂಬ್‌ಲೈಟಿನ ಕೆಳಗೆ ಶಟರನ್ನು 1/50ಕ್ಕೆ ಇಟ್ಟರೆ ಮಿಣುಕು ಕಾಣುವುದಿಲ್ಲ.

ಸ್ಥಳದ ಧ್ವನಿಗೆ ಅದರದೇ ಒಂದು ಅಪಾಯವೂ ಇದೆ. ಚಹಾದಂಗಡಿಯ ರೇಡಿಯೊದಲ್ಲಿ ಬರುತ್ತಿದ್ದ ಚಿತ್ರಗೀತೆ ನಿಮ್ಮ ಸಂಭಾಷಣೆಯ ಹಿಂದೆ ಸೇರಿಕೊಂಡರೆ ಯೂಟ್ಯೂಬಿನ ಯಂತ್ರ ಅದನ್ನು ಪತ್ತೆ ಮಾಡಬಲ್ಲದು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಸಾಹಿತ್ಯದ ಹಕ್ಕು ಬರೆದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ಕಥೆಗೂ ಇದೇ ನಿಯಮ. ‘ನಮ್ಮ ಮೇಷ್ಟ್ರ ಕಥೆ, ಬಾಯಿಮಾತಿನಲ್ಲಿ ಒಪ್ಪಿದ್ದಾರೆ’ ಎಂಬುದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಬರವಣಿಗೆಯಲ್ಲಿ ಒಪ್ಪಿಗೆ ಪಡೆದೇ ಚಿತ್ರೀಕರಣಕ್ಕೆ ಹೊರಡಿ. ರೇಡಿಯೊ ಆರಿಸಲು ಅಂಗಡಿಯವರನ್ನು ಕೇಳಿಕೊಳ್ಳಿ, ಇಡೀ ತಂಡಕ್ಕೆ ಅಲ್ಲೇ ಚಹಾ ಹೇಳಿದರೆ ಅವರೂ ಬೇಸರಿಸುವುದಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಪವನ್ ಕುಮಾರ್ ಅವರ ‘ಲೂಸಿಯಾ’ 2013ರಲ್ಲೇ ಒಂದು ದಾರಿ ತೋರಿಸಿತು, ಜನರಿಂದಲೇ ಹಣ ಕೂಡಿಸಿ. ಆ ಚರ್ಚೆಯನ್ನು ಮುಂದಿನ ಗೋಷ್ಠಿಗಳಿಗೆ ಬಿಡುತ್ತೇನೆ. ನಾನು ಈ ಸಂಕಿರಣದಿಂದ ಬಯಸುವುದು ಇನ್ನೊಂದು ಜಗಳ. ಊರಿನ ಮಾತನ್ನು ಹಾಗೇ ಹಿಡಿದರೆ ಬೀದರಿನ ಚಿತ್ರ ಚಾಮರಾಜನಗರದಲ್ಲಿ ಪೂರ್ತಿ ಅರ್ಥವಾಗದೆ ಹೋಗಬಹುದು. ಕನ್ನಡ ಚಿತ್ರಕ್ಕೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಬೇಕೇ? ಹಾಕಬೇಕು, ಮಾತನ್ನು ಸಪಾಟು ಮಾಡುವುದಕ್ಕಿಂತ ಅದು ಮೇಲು ಎಂಬುದು ನನ್ನ ಪಕ್ಷ. ಇದು ಆಡುವವರಿಗೆ ಅವಮಾನ ಎನ್ನುವವರು ಈ ಸಭೆಯಲ್ಲೂ ಇರಬಹುದು. ಅವರು ಮಧ್ಯಾಹ್ನ ಮೊದಲು ಮಾತಾಡಲಿ.