ಇಬ್ಬರ ಕರಾರು



ಪಾಲುದಾರಿಕೆ ಎಂದರೇನೆಂದು ಅಂಗಡಿ ನಡೆಸುವ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಒಗ್ಗಟ್ಟು ಎಂದರೇನೆಂದು ಗಿರಣಿಯ ಸಂಗಾತಿಗಳಿಗೂ ಗೊತ್ತು. ಆದುದರಿಂದ 1975ರಲ್ಲಿ ಜಾನ್ ಹ್ಯೂಸ್ಟನ್ ತೆಗೆದ 'ದಿ ಮ್ಯಾನ್ ಹೂ ವುಡ್ ಬಿ ಕಿಂಗ್' ಚಿತ್ರದ ಇಬ್ಬರು ಪಾಲುದಾರರ ಸಂಗತಿ ನಿಮಗೆ ಬೇಗ ತಿಳಿದೀತು. ಮೂಲಕಥೆ ರುಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಬರೆದುದು. ಸಾಮ್ರಾಜ್ಯದ ಹೊಗಳುಭಟನೆಂದು ಹೆಸರಾದವನು ಆತ. ಆದರೂ ಇಲ್ಲಿ ಅವನ ಲೇಖನಿ ಅವನಿಗಿಂತ ಹೆಚ್ಚು ನಿಜ ಹೇಳಿಬಿಟ್ಟಿದೆ.

ಡ್ಯಾನಿ ಡ್ರೇವಟ್ ಮತ್ತು ಪೀಚಿ ಕಾರ್ನಿಹಾನ್ ಬ್ರಿಟಿಷ್ ಸೈನ್ಯದಲ್ಲಿದ್ದು ಹೊರಬಿದ್ದವರು. ಶಾನ್ ಕಾನರಿ, ಮೈಕೆಲ್ ಕೇನ್ ಆ ಪಾತ್ರಗಳಲ್ಲಿದ್ದಾರೆ. ಇಡೀ ಹಿಂದೂಸ್ಥಾನ ಇವರಿಗೆ ಸಾಲದಂತೆ! ಇಂದು ನೂರಿಸ್ತಾನವೆನಿಸಿರುವ ಅಫ್ಘಾನ್ ಬೆಟ್ಟನಾಡು ಆಗ ಕಾಫಿರಿಸ್ತಾನ. 20 ಬಂದೂಕು ಹೊತ್ತುಕೊಂಡು ಹೋಗಿ ಅಲ್ಲಿ ರಾಜರಾಗುವುದು, ಕೊಳ್ಳೆ ಹೊಡೆದು ಹಿಂದಿರುಗುವುದು, ಇದು ಅವರ ಹಂಚಿಕೆ. ಅದಕ್ಕೊಂದು ಕರಾರುಪತ್ರವೂ ಉಂಟು: ಕಾರ್ಯ ಮುಗಿಯುವತನಕ ಹೆಂಡ ಮುಟ್ಟಕೂಡದು, ಹೆಣ್ಣು ಮುಟ್ಟಕೂಡದು, ಒಬ್ಬನ ಕಷ್ಟದಲ್ಲಿ ಇನ್ನೊಬ್ಬ ಕೈಬಿಡಕೂಡದು.

ಉದ್ಯಮ ದರೋಡೆಯದು, ಸಂಶಯವಿಲ್ಲ. ಸ್ನೇಹ ಮಾತ್ರ ಅಪ್ಪಟವಾದುದು. ಹಿಮದ ನಡುವೆ ಮುಂದೆ ಕಂದರ, ಹಿಂದೆ ದಾರಿಯಿಲ್ಲ, ಸಾಯುವುದೊಂದೇ ಬಾಕಿ. ಆಗ ಇಬ್ಬರೂ ಕುಳಿತು ಹಳೆಯದನ್ನು ನೆನೆನೆನೆದು ನಗುತ್ತಾರೆ. ಆ ನಗುವಿನ ಸದ್ದಿಗೆ ಹಿಮ ಕುಸಿದು ಕಂದರ ತುಂಬಿ ದಾರಿಯಾಗುತ್ತದೆ. ನಂಬುವುದು ಕಷ್ಟ, ಆದರೂ ನಮಗೆ ಈ ದೃಶ್ಯ ಬಲು ಮೆಚ್ಚಿಗೆ.

ಕೆಡುಕು ಶುರುವಾದುದು ಬಡತನದಲ್ಲಲ್ಲ, ಗೆಲುವಿನಲ್ಲಿ. ಯುದ್ಧದಲ್ಲೊಂದು ಬಾಣ ಡ್ಯಾನಿಯ ಎದೆಯ ಮೇಲಿನ ತೋಟಾಪಟ್ಟಿಗೆ ನಾಟುತ್ತದೆ. ರಕ್ತ ಬರಲಿಲ್ಲ, ಜನ ದೇವರೆಂದರು. ಮೊದಲು ಇಬ್ಬರಿಗೂ ಅದು ತಮಾಷೆ. ಕ್ರಮೇಣ ಡ್ಯಾನಿ ತಾನು ನಿಜವಾಗಿಯೂ ಅಲೆಗ್ಸಾಂಡರನ ಉತ್ತರಾಧಿಕಾರಿ ಎಂದು ನಂಬಿದ. ಜನರೆದುರು ತನಗೆ ತಲೆಬಾಗಬೇಕೆಂದು ಪೀಚಿಗೇ ಹೇಳಿದ! ಕರಾರು ಅಲ್ಲಿಯೇ ಹರಿಯಿತೆಂದು ನಾವು ತಿಳಿಯುತ್ತೇವೆ. ಮದುವೆ ಆಮೇಲಿನ ಮಾತು. ನಿಧಿ ಹೊತ್ತು ಹೊರಡೋಣವೆಂದು ಪೀಚಿ ಗೋಗರೆದರೂ ಡ್ಯಾನಿ ಕೇಳಲಿಲ್ಲ. ಹೆದರಿದ ಹುಡುಗಿ ಕೆನ್ನೆ ಕಚ್ಚಿದಳು, ರಕ್ತ ಹರಿಯಿತು, ದೇವರು ಮನುಷ್ಯನಾದ.

ಓಡುವಾಗ ಡ್ಯಾನಿ ಕ್ಷಮೆ ಬೇಡುತ್ತಾನೆ, ಪೀಚಿ ತಡವಿಲ್ಲದೆ ಕ್ಷಮಿಸುತ್ತಾನೆ. ಡ್ಯಾನಿ ನಿಂತ ಹಗ್ಗದ ಸೇತುವೆಯನ್ನು ಕಡಿದು ಅವನನ್ನು ಕಂದರಕ್ಕೆ ಬೀಳಿಸಿದರು. ಪೀಚಿಯನ್ನು ಶಿಲುಬೆಗೇರಿಸಿದರು, ಆತ ಬದುಕಿ, ಗೆಳೆಯನ ತಲೆಯನ್ನು ಕಿರೀಟಸಮೇತ ಹೊತ್ತು ಹಿಂದೂಸ್ಥಾನಕ್ಕೆ ನಡೆದು ಬಂದ. ಕರಾರಿನ ಕೊನೆಯ ಷರತ್ತನ್ನು ಅವನೊಬ್ಬನೇ ಪೂರ್ತಿ ಪಾಲಿಸಿದ.

ಒಬ್ಬನೇ ಎಂದೆವಲ್ಲ, ಇನ್ನೊಬ್ಬನಿದ್ದಾನೆ. ದುಭಾಷಿ ಬಿಲ್ಲಿ ಫಿಶ್, ಗೂರ್ಖಾ ಸಿಪಾಯಿ; ಸಯೀದ್ ಜಾಫ್ರಿ ಆ ಪಾತ್ರ ಮಾಡಿದ್ದಾರೆ. ಕರಾರಿನಲ್ಲಿ ಅವನ ಸಹಿಯಿಲ್ಲ, ನಿಧಿಯಲ್ಲಿ ಪಾಲಿನ ಮಾತಿಲ್ಲ, ಇಬ್ಬರೂ ರಾಜರಾಗುವಾಗ ಅವನನ್ನು ಯಾರೂ ಕೇಳಲಿಲ್ಲ. ಕಡೆಗೆ ಹೇಸರಗತ್ತೆ ಹತ್ತಿ ಓಡಿಹೋಗೆಂದರೆ, ತಾನು ಕಾಲಾಳು, ಕುದುರೆ ಸವಾರನಲ್ಲ ಎಂದು, ಕುಕ್ರಿ ಹಿರಿದು ಆ ಗುಂಪಿನೊಳಗೆ ನುಗ್ಗಿದ.