‘ನಿಮ್ಮ ಮಾಲು ಖೋಟಾ’ ಎಂದು ಗಿರಾಕಿ ಬರೆದಾಗ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ನಾಲ್ಕೈದು ಮಂದಿ ಈಚೆಗೆ ಒಂದು ಚಿಕ್ಕ ಉಪವ್ಯಾಪಾರ ಹಿಡಿದಿದ್ದಾರೆ. ರಜೆಯ ದಿನ ಚೋರ್ ಬಜಾರಿಗೆ ಹೋಗಿ ಹಳೆಯ ಕೈಗಡಿಯಾರಗಳನ್ನು ಕೊಳ್ಳುವುದು, ಒರಸಿ ತಿಕ್ಕಿ ಫೋಟೋ ತೆಗೆಯುವುದು, ಅಂತರಜಾಲದ ಹರಾಜಿನಲ್ಲಿ ಪರದೇಶದ ಗಿರಾಕಿಗಳಿಗೆ ಮಾರುವುದು. ಸಂಬಳದ ಜೊತೆಗೆ ಊರಿಗೆ ಕಳಿಸಲು ನಾಲ್ಕು ಕಾಸು ಹೆಚ್ಚಿಗೆ ದೊರೆತರೆ ಯಾರಿಗೆ ಬೇಡ? ಆದರೆ ಈ ವ್ಯಾಪಾರ ಮಾಡುವವರಿಗೆ ಒಂದಲ್ಲ ಒಂದು ದಿನ ಒಂದು ಓಲೆ ಬಂದೇ ಬರುತ್ತದೆ: “ನೀವು ಕಳಿಸಿದ್ದು ಖೋಟಾ ಮಾಲು, ನನ್ನ ಹಣ ಹಿಂದಿರುಗಿಸಿ.” ಆಗ ಮಾಡತಕ್ಕದ್ದೇನು ಎಂಬುದನ್ನು ಈ ಹೊತ್ತು ನಾವು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ.

ಈಬೇ ಎಂಬ ಹರಾಜುಕಟ್ಟೆ ೧೯೯೫ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ೨೦೦೪ರಲ್ಲಿ ನಮ್ಮಲ್ಲಿಯ ಬಾಜೀ ಎಂಬ ತಾಣವನ್ನು ಕೊಂಡು ಇಲ್ಲಿಯೂ ಅಂಗಡಿ ತೆರೆಯಿತು. ೨೦೧೮ರ ಆಗಸ್ಟಿನಲ್ಲಿ ಆ ಅಂಗಡಿ ಮುಚ್ಚಿತು. ಆದರೂ ಇಲ್ಲಿ ಕುಳಿತು ಹೊರದೇಶಗಳಿಗೆ ಮಾರುವವರಿಗೆ ಬಾಗಿಲು ತೆರೆದೇ ಇದೆ. ನಮ್ಮವರು ಮಾರುವುದು ಹಾಗೆಯೇ.

ಮಾರುವ ಮಾಲು ಯಾವುದು? ಹೆಚ್ಚಿನದು ಎಚ್.ಎಂ.ಟಿ. ಮತ್ತು ಸೀಕೋ. ಎಚ್.ಎಂ.ಟಿ. ಎಂದರೆ ನಮಗೆ ಬರಿಯ ಗಡಿಯಾರವಲ್ಲ, ಬೆಂಗಳೂರಿನ ಹೆಸರು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅಲ್ಲಿ ಗಡಿಯಾರದ ಕಾರ್ಖಾನೆ ಎದ್ದಿತು. ಜನತಾ, ಪೈಲಟ್ ಎಂಬ ಕೀಲಿಕೊಡುವ ಗಡಿಯಾರಗಳನ್ನು ಕಟ್ಟದ ಕೈ ಒಂದು ಕಾಲದಲ್ಲಿ ಇರಲಿಲ್ಲ. ಮದುವೆಯಲ್ಲಿ ಅಳಿಯನಿಗೆ ಅದೇ, ನಿವೃತ್ತಿಯಲ್ಲಿ ಗುಮಾಸ್ತನಿಗೂ ಅದೇ. ೨೦೧೬ರ ಜನವರಿಯಲ್ಲಿ ಕೇಂದ್ರ ಸರಕಾರ ಆ ಗಡಿಯಾರದ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಮುಚ್ಚಿದ ಕಾರ್ಖಾನೆಯ ಮಾಲಿಗೆ ಆಸೆ ಹೆಚ್ಚುವುದು ಲೋಕರೂಢಿ.

ಆಸೆ ಹೆಚ್ಚಿದಲ್ಲಿ ಕೈಚಳಕವೂ ಬರುತ್ತದೆ. ಹಳೆಯ ಗಡಿಯಾರದ ಮುಖಫಲಕ, ಅಂದರೆ ಡಯಲು, ಕಲೆಬಿದ್ದು ಮಾಸಿರುತ್ತದೆ. ಅದನ್ನು ಕೆರೆದು ಹೊಸ ಬಣ್ಣ ಬಳಿದು, ಕಂಪನಿಯ ಹೆಸರನ್ನೂ ಅಂಕಿಗಳನ್ನೂ ಮತ್ತೆ ಅಚ್ಚೊತ್ತಿ ಕೊಡುವ ಕೆಲಸಗಾರರು ಈ ಊರಿನಲ್ಲಿ ಇದ್ದಾರೆ. ಒಂದರ ಮುಳ್ಳು, ಇನ್ನೊಂದರ ಕವಚ, ಮತ್ತೊಂದರ ಯಂತ್ರ ಸೇರಿಸಿ ಹೊಸದರಂತೆ ಹೊಳೆಯಿಸುತ್ತಾರೆ. ಕಾರ್ಖಾನೆ ಎಂದೂ ಮಾಡದ ಬಣ್ಣಗಳ ಪೈಲಟ್ ಗಡಿಯಾರಗಳು ಹುಟ್ಟಿದ್ದು ಹೀಗೆ. ಪರದೇಶದ ಸಂಗ್ರಾಹಕರು ಇಂಥವಕ್ಕೆ ‘ಮುಂಬೈ ಸ್ಪೆಷಲ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಕೇಳಲು ಹಿತವಾದ ಹೆಸರಲ್ಲ. ಆದರೆ ಸುಮ್ಮನೆ ಇಟ್ಟ ಹೆಸರೂ ಅಲ್ಲ.

ಆದುದರಿಂದ ಗಿರಾಕಿ ‘ಖೋಟಾ’ ಎಂದು ಬರೆದರೆ ಆ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಆಪಾದನೆ ಅಡಗಿರಬಹುದು. ಗಡಿಯಾರವೇ ಪೂರ್ತಿ ನಕಲಿ ಎಂದಿರಬಹುದು. ಯಂತ್ರ ಸಾಚಾ, ಡಯಲು ಮಾತ್ರ ಮರುಬಣ್ಣದ್ದು ಎಂದಿರಬಹುದು. ಇಲ್ಲವೇ ಎಲ್ಲವೂ ಸರಿಯಿದ್ದು, ಯಾರೋ ನೆರೆಯವನು ಅನುಮಾನ ಹುಟ್ಟಿಸಿರಬಹುದು. ಯಾವುದೆಂದು ತಿಳಿಯುವ ಮೊದಲೇ ಉತ್ತರ ಬರೆಯಲು ಕುಳಿತುಕೊಳ್ಳಬಾರದು. “ನಮ್ಮದು ಮಾನವಂತರ ಮನೆತನ, ನಮ್ಮನ್ನು ಕಳ್ಳರೆನ್ನುತ್ತೀರಾ” ಎಂದು ನಡುರಾತ್ರಿ ಬರೆದ ಓಲೆಗಳನ್ನು ನಾವು ಓದಿದ್ದೇವೆ. ತೀರ್ಪು ಕೊಡಬೇಕಾದವನ ಮುಂದೆ ಮೊದಲು ಹೋಗುವ ಕಾಗದ ಅದೇ ಎಂಬುದು ಬರೆಯುವಾಗ ನೆನಪಿರುವುದಿಲ್ಲ.

ಹಾಗೆಂದು ಸುಮ್ಮನೆಯೂ ಇರಲಾಗದು. ಈಬೇಯ ನಿಯಮದಂತೆ, ಮಾಲು ಕೈಸೇರಿದ ಮೇಲೆ ೩೦ ದಿನದೊಳಗೆ ‘ವರ್ಣನೆಯಂತೆ ಇಲ್ಲ’ ಎಂದು ಗಿರಾಕಿ ದೂರು ಕೊಡಬಹುದು; ಮಾರಿದವನಿಗೆ ಇರುವುದು ೩ ಕೆಲಸದ ದಿನ. ಅಷ್ಟರಲ್ಲಿ ಬಗೆಹರಿಯದಿದ್ದರೆ ಗಿರಾಕಿ ತಾಣದವರನ್ನೇ ನಡುವೆ ಕರೆಯಬಹುದು. ತೀರ್ಪು ನಮ್ಮ ವಿರುದ್ಧವಾದರೆ ಹಣ ಹೋಗುವುದಲ್ಲದೆ ನಮ್ಮ ಖಾತೆಯ ಮೇಲೊಂದು ಕಪ್ಪುಚುಕ್ಕೆ ಬೀಳುತ್ತದೆ. ಅಂಥವು ನಾಲ್ಕಾದರೆ ಖಾತೆಯೇ ನಿಂತೀತು. ಗಿರಾಕಿಯ ಬಗ್ಗೆ ನಾವು ಪ್ರತಿಯಾಗಿ ಕೆಟ್ಟ ಅಭಿಪ್ರಾಯ ಬರೆಯುವ ಅವಕಾಶವನ್ನು ೨೦೦೮ರಲ್ಲಿಯೇ ತೆಗೆದುಹಾಕಿದ್ದಾರೆ.

ತಾಣದವರು ಖೋಟಾ ಎಂಬ ಮಾತಿಗೆ ಇಷ್ಟು ಬೇಗ ಏಕೆ ಕಿವಿಗೊಡುತ್ತಾರೆ? ಅದಕ್ಕೊಂದು ಕಾರಣವಿದೆ. ಟಿಫನಿ ಎಂಬ ಒಡವೆಯ ಕಂಪನಿ ತನ್ನ ಹೆಸರಿನ ನಕಲಿ ಒಡವೆಗಳು ಅಲ್ಲಿ ಮಾರಾಟವಾಗುತ್ತಿವೆ ಎಂದು ೨೦೦೪ರಲ್ಲಿ ಈಬೇಯ ಮೇಲೆ ದಾವೆ ಹೂಡಿತ್ತು. ೨೦೧೦ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ವ್ಯಾಪಾರಮುದ್ರೆಯ ವಿಷಯದಲ್ಲಿ ಈಬೇಯ ಪರವಾಗಿ ಹೇಳಿತು. ಎಲ್ಲೋ ನಕಲಿ ಇದೆಯೆಂಬ ಸಾಮಾನ್ಯ ಅರಿವಿನಿಂದ ತಾಣ ಹೊಣೆಯಾಗದು, ಇಂಥ ಮಾಲು ನಕಲಿ ಎಂಬ ನಿರ್ದಿಷ್ಟ ತಿಳಿವಳಿಕೆ ಬೇಕು ಎಂಬುದು ಅದರ ತಾತ್ಪರ್ಯ. ಹಾಗಾದರೆ ತಿಳಿವಳಿಕೆ ಬಂದ ಮೇಲೆ ಸುಮ್ಮನಿದ್ದರೆ ಹೊಣೆ ಅವರ ತಲೆಗೆ ಬರುತ್ತದೆ! ಅವರು ಅವಸರ ಮಾಡುವುದು ತಮ್ಮ ರಕ್ಷಣೆಗೆ. ಇನ್ನೊಂದು ಮಾತು: ೨೦೨೦ರಲ್ಲಿ ಅಮೆರಿಕದಲ್ಲಿ ಅವರು ಗಡಿಯಾರಗಳನ್ನು ತಜ್ಞರಿಂದ ಪರೀಕ್ಷಿಸುವ ಏರ್ಪಾಡು ತೊಡಗಿದರು, ಅದು ಆರಂಭವಾದದ್ದು ೨,೦೦೦ ಡಾಲರಿಗೆ ಮೇಲ್ಪಟ್ಟ ಗಡಿಯಾರಗಳಿಗೆ. ಮೂವತ್ತು ನಲವತ್ತು ಡಾಲರಿನ ನಮ್ಮ ಜನತಾ ಗಡಿಯಾರವನ್ನು ಯಾವ ತಜ್ಞ ನೋಡಿಯಾನು? ನಮ್ಮ ಮಾತು, ಗಿರಾಕಿಯ ಮಾತು, ಫೋಟೋಗಳು, ಅಷ್ಟೇ.

ಆದುದರಿಂದ ಮೊದಲ ದಿನವೇ ಎರಡು ಸಾಲು ಮರ್ಯಾದೆಯಿಂದ ಬರೆಯಬೇಕು: ನಿಮ್ಮ ದೂರು ತಲುಪಿತು, ಯಾವ ಭಾಗ ಸಾಚಾ ಅಲ್ಲವೆಂದು ನಿಮಗೆ ತೋರುತ್ತದೆ, ಡಯಲು, ಹಿಂಬದಿ, ಒಳಯಂತ್ರ ಇವುಗಳ ಫೋಟೋ ಕಳಿಸಿ. ಎಲ್ಲವೂ ತಾಣದ ಓಲೆಯ ಮೂಲಕವೇ ಆಗಬೇಕು, ಬೇರೆ ದಾರಿಯ ಮಾತು ಬೇಡ. ಆಮೇಲೆ ನಮ್ಮ ಸ್ವಂತ ಜಾಹೀರಾತನ್ನು ಪರಕೀಯನಂತೆ ಓದಿಕೊಳ್ಳಬೇಕು. ‘ಒರಿಜಿನಲ್’ ಎಂದು ಬರೆದಿದ್ದೇವೆಯೇ? ಡಯಲಿಗೆ ಮರುಬಣ್ಣ ಹಾಕಿದೆಯೆಂದು ಹೇಳಿದ್ದೇವೆಯೇ? ಫೋಟೋಗಳು ಬಂದಾಗ ಕಳಿಸುವ ಮೊದಲು ತೆಗೆದವುಗಳ ಪಕ್ಕದಲ್ಲಿಟ್ಟು ನೋಡಬೇಕು. ಕವಚದ ಮೇಲಿನ ಗೀರು, ತಿರುಪಿನ ತಲೆಯ ಸವಕಳಿ, ಇಂಥವೇ ಗುರುತು. ಗಡಿಯಾರ ಅದಲು ಬದಲಾಗಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಸೀಕೋ ಆದರೆ ಇನ್ನಷ್ಟು ಸುಲಭ. ಅದರ ಬೆನ್ನಿನ ಕ್ರಮಸಂಖ್ಯೆಯ ಮೊದಲ ಅಂಕಿ ದಶಕದ ವರ್ಷ, ಎರಡನೆಯದು ತಿಂಗಳು. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಡಯಲಿನ ಕೆಳಅಂಚಿನಲ್ಲಿ ಯಂತ್ರದ ಸಂಖ್ಯೆಯುಳ್ಳ ಸಣ್ಣ ಅಕ್ಷರಗಳಿರುತ್ತವೆ. ಮರುಬಣ್ಣದವರು ಆ ಅಕ್ಷರಗಳನ್ನು ಅನೇಕ ವೇಳೆ ಬಿಟ್ಟುಬಿಡುತ್ತಾರೆ, ಇಲ್ಲವೇ ವಕ್ರವಾಗಿ ಒತ್ತುತ್ತಾರೆ. ಒಂದು ಭೂತಗನ್ನಡಿ ಸಾಕು.

ಅಂಚೆಯ ರಸೀದಿಯ ಮೇಲಿರುವ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಪೆಟ್ಟಿಗೆ ಖಾಲಿಯಿತ್ತು, ಬೇರೆ ಮಾಲಿತ್ತು’ ಎಂಬ ಮಾತಿಗೆ ಅದೊಂದು ಉತ್ತರ. ಆ ಚೀಟಿಯನ್ನು ಎಸೆಯಬೇಡಿ.

ಪರೀಕ್ಷಿಸಿದ ಮೇಲೆ ಗಿರಾಕಿಯ ಮಾತು ನಿಜವೆಂದು ಕಂಡರೆ? ವಾದಿಸದೆ ಪೂರ್ತಿ ಹಣ ಕೊಡಬೇಕು. ನಮ್ಮ ಗೆಳೆಯರೊಬ್ಬರಿಗೆ, ಗೋದಾಮಿನಲ್ಲಿ ಲೆಕ್ಕ ಬರೆಯುವವರು, ಒಂದು ಕಪ್ಪು ಡಯಲಿನ ಪೈಲಟ್ ವಿಷಯದಲ್ಲಿ ಹೀಗಾಯಿತು. ಅವರು ಅದನ್ನು ಸಾಚಾ ಎಂದೇ ನಂಬಿ ಕೊಂಡಿದ್ದರು. ಗಿರಾಕಿ ದೊಡ್ಡದು ಮಾಡಿ ಕಳಿಸಿದ ಚಿತ್ರದಲ್ಲಿ ಹಳೆಯ ಬಣ್ಣದ ಅಂಚು ಹೊಸದರ ಕೆಳಗಿಂದ ಇಣುಕುತ್ತಿತ್ತು. ಅರ್ಧ ಹಣ ಕೊಟ್ಟು ಸಮಾಧಾನ ಮಾಡೋಣವೆಂದು ಅವರ ಮನಸ್ಸು. ಹಿಂದಕ್ಕೆ ತರಿಸಿದರೆ ಅಂಚೆಯ ವೆಚ್ಚ ಮಾರಿದವನ ಮೇಲೆ, ಅದೇ ಗಡಿಯಾರದ ಬೆಲೆಗೆ ಹತ್ತಿರ! ಅವರು ಪೂರ್ತಿ ಕೊಟ್ಟರು. ಆ ತಿಂಗಳು ಊರಿನ ಮನಿಯಾರ್ಡರಿಗೆ ಪೆಟ್ಟು ಬಿತ್ತು, ಖಾತೆ ಉಳಿಯಿತು. ಅರ್ಧ ಹಣದ ಉಪಾಯ ನಮಗೆ ಸರಿತೋರುವುದಿಲ್ಲ. ನಕಲಿ ಎಂದು ತಿಳಿದ ಮೇಲೂ ಅದಕ್ಕೆ ಬೆಲೆ ತೆಗೆದುಕೊಂಡಂತೆ ಅದು.

ನಮ್ಮ ಕಾಯಿದೆಯೂ ಹತ್ತಿರದಲ್ಲೇ ಇದೆ. ೧೯೯೯ರ ವ್ಯಾಪಾರಮುದ್ರೆಗಳ ಕಾಯಿದೆಯ ೧೦೪ನೆಯ ಕಲಮಿನಂತೆ ಸುಳ್ಳು ಮುದ್ರೆಯ ಮಾಲು ಮಾರಿದವನಿಗೆ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಶಿಕ್ಷೆ, ೫೦,೦೦೦ದಿಂದ ೨,೦೦,೦೦೦ ರೂಪಾಯಿವರೆಗೆ ದಂಡ. ಆದರೆ ತಕ್ಕ ಎಚ್ಚರಿಕೆ ವಹಿಸಿಯೂ ಸಂಶಯಕ್ಕೆ ಕಾರಣವಿರಲಿಲ್ಲವೆಂದು ತೋರಿಸಿ, ಕೇಳಿದಾಗ ಯಾರಿಂದ ಕೊಂಡದ್ದೆಂದು ತನಗೆ ತಿಳಿದಷ್ಟನ್ನೂ ಹೇಳಿದವನಿಗೆ ಅದೇ ಕಲಮು ರಕ್ಷೆ ಕೊಡುತ್ತದೆ. ಇದಕ್ಕಾಗಿಯೇ ನಾವು ಮತ್ತೆ ಮತ್ತೆ ಹೇಳುವುದು: ಚೋರ್ ಬಜಾರಿನಲ್ಲಿ ಬಿಲ್ಲು ಸಿಗದಿದ್ದರೂ ದಿನಾಂಕ, ಅಂಗಡಿ, ಕೊಟ್ಟ ಬೆಲೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸಾಚಾ ಮಾಲನ್ನು ಕೊಂಡು ಮಾರುವುದಕ್ಕೆ ೩೦ನೆಯ ಕಲಮಿನಲ್ಲಿ ಅಡ್ಡಿಯಿಲ್ಲ. ಆದರೆ ಮಾಲಿನ ಸ್ಥಿತಿಯನ್ನು ಬದಲಿಸಿದ್ದರೆ ಮುದ್ರೆಯ ಒಡೆಯನು ಆಕ್ಷೇಪಿಸಬಹುದು. ಮರುಬಣ್ಣದ ಡಯಲು ತಲೆನೋವಾಗುವುದು ಇಲ್ಲಿಯೇ.

ಇನ್ನು ಗಿರಾಕಿಯ ಮಾತು ಸುಳ್ಳಾದರೆ ಬಗ್ಗಬೇಕಾಗಿಲ್ಲ. “ಅರ್ಧ ಹಣ ಕೊಡಿ, ಇಲ್ಲದಿದ್ದರೆ ಖೋಟಾ ಎನ್ನುತ್ತೇನೆ” ಎಂದು ಬರೆಯುವವರೂ ಇದ್ದಾರೆ. ಆ ಓಲೆಯೇ ನಮ್ಮ ಸಾಕ್ಷಿ. ತಾಣದವರಿಗೆ ಅದನ್ನು ತೋರಿಸಬೇಕು. ಮಾಲು ಹಿಂದಿರುಗಿ ಬಂದರೆ ಕಟ್ಟನ್ನು ಒಬ್ಬರೇ ಬಿಚ್ಚದೆ, ಬಿಚ್ಚುವುದನ್ನೆಲ್ಲ ಚಿತ್ರೀಕರಿಸಬೇಕು. ಎಲ್ಲ ಸಲವೂ ಹಿಂದಿರುಗಿ ಬರುತ್ತದೆಂದೂ ಇಲ್ಲ. ೨೦೧೨ರ ಜನವರಿಯಲ್ಲಿ ಒಂದು ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಓಡಾಡಿತು. ಒಬ್ಬ ಹೆಂಗಸು ೨,೫೦೦ ಡಾಲರಿಗೆ ಹಳೆಯ ಫ್ರೆಂಚ್ ಪಿಟೀಲೊಂದನ್ನು ಮಾರಿದಳು. ಕೊಂಡವನು ಅದರೊಳಗಿನ ಚೀಟಿಯ ಬಗ್ಗೆ ಅನುಮಾನ ತೆಗೆದ. ಹಣ ಸಾಗಿಸಿದ ಪೇಪಾಲ್ ಕಂಪನಿ ತನ್ನ ನಿಯಮದಂತೆ, ನಕಲಿಯಾದರೆ ನಾಶಮಾಡಿದ ಮೇಲೆ ಹಣ ಎಂದಿತು. ಅವನು ಅದನ್ನು ಚೂರುಚೂರು ಮಾಡಿ ಚಿತ್ರ ಕಳಿಸಿದ. ಹಳೆಯ ಪಿಟೀಲುಗಳ ಚೀಟಿಯ ಬಗ್ಗೆ ತಜ್ಞರಲ್ಲಿಯೇ ಒಮ್ಮತವಿರುವುದಿಲ್ಲ! ಬೆಲೆಯುಳ್ಳ ಮಾಲಾದರೆ ತಿಳಿದವರ ಲಿಖಿತ ಅಭಿಪ್ರಾಯವನ್ನು ಮಾರುವ ಮೊದಲೇ ಪಡೆಯಬೇಕು; ದೂರು ಬಂದ ಮೇಲೆ ಹುಡುಕಲು ಮೂರು ದಿನ ಸಾಲದು.

ಕೊನೆಗೆ ಹಿಂದಿರುಗಿ ಬಂದ ಗಡಿಯಾರದ ಮಾತು. ಅದನ್ನೇ ಇನ್ನೊಬ್ಬ ಗಿರಾಕಿಗೆ ಅದೇ ವರ್ಣನೆಯಲ್ಲಿ ಮಾರುವವರಿದ್ದಾರೆ. ಈ ಸಲ ‘ತಿಳಿದಿರಲಿಲ್ಲ’ ಎನ್ನಲು ಬಾಯಿರುವುದಿಲ್ಲ. ನಮ್ಮ ಗೆಳೆಯರು ಆ ಪೈಲಟಿನ ಡಯಲು ಬಿಚ್ಚಿ ತೆಗೆದರು. ಒಳಗಿನ ೧೭ ಹರಳಿನ ಯಂತ್ರ ಬೆಂಗಳೂರಿನದೇ, ಚೆನ್ನಾಗಿ ಓಡುತ್ತಿತ್ತು. ಅದನ್ನು ‘ಬಿಡಿಭಾಗ’ ಎಂದು ಬರೆದು ಒಬ್ಬ ರಿಪೇರಿಯವನಿಗೆ ಮಾರಿದರು.