ಹದಿನಾಲ್ಕು ಮಿಲಿಮೀಟರ್ ಕಂಬ

ನಾನು ದೊಡ್ಡಬಳ್ಳಾಪುರದ ಪಕ್ಕದ ರಾಜಘಟ್ಟದವನು. ನಮ್ಮೂರಿಗೆ ಸಮುದ್ರ ಬಹಳ ದೂರ, ಆದ್ರೂ ನಮ್ಮನೆ ಮೇಜಿನ ಮೇಲೊಂದು ಯುದ್ಧನೌಕೆ ಇದೆ. ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಆಗಿರೋ ಐಎನ್‌ಎಸ್ ಚಪಲ್‌ನ ಮಾಡೆಲ್ ಅದು. ನಿಜವಾದ ಹಡಗಿನ 72ನೇ ಒಂದು ಪಾಲು, ಅಂದ್ರೆ 54 ಸೆಂಟಿಮೀಟರ್ ಹತ್ತಿರ.

ಹಡಗಿನ ಒಡಲು ಮರದಲ್ಲಿ ಸಲೀಸಾಗಿ ಆಯ್ತು. ತಲೆನೋವು ಶುರುವಾಗಿದ್ದು ರೇಲಿಂಗ್‌ನಿಂದ. ಒಂದು ಮೀಟರ್ ಎತ್ತರದ ಕಂಬ ನನ್ನ ಅಳತೆಗೆ 14 ಮಿಲಿಮೀಟರ್ ಕೂಡ ಆಗಲ್ಲ! ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಕತ್ತರಿಸಿ ಬೆಸುಗೆ ಹಾಕ್ದೆ. ಎರಡನೇ ಬೆಸುಗೆಯ ಶಾಖಕ್ಕೆ ಮೊದಲನೇದು ಕಳಚಿ ಬಿತ್ತು. ಮೂರು ವಾರ ಹೀಗೇ. ಕೊನೆಗೆ ಎಲ್ಲಾ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕ್ಬಿಟ್ಟೆ.

ದಾರಿ ತೋರಿಸಿದ್ದು ನಮ್ಮೂರಿನ ಮಣ್ಣು. ಇಲ್ಲಿ ಬೆಂಗಳೂರು ವಿಶ್ವವಿದ್ಯಾಲಯದವರು ಅಗೆದಾಗ ಬೌದ್ಧ ಚೈತ್ಯದ ಜೊತೆ ಮುದ್ರೆ ಒತ್ತಿದ ಮಣ್ಣಿನ ಪುಟ್ಟ ಬಿಲ್ಲೆಗಳೂ ಸಿಕ್ಕಿದ್ವು. ಒಂದೇ ಥರದ್ದು ಹತ್ತಾರು ಬೇಕಂದ್ರೆ ಮೊದಲು ಅಚ್ಚು ಬೇಕು, ಅಲ್ವಾ?

ಡಬ್ಬಿ ಇಳಿಸಿದೆ. ಮರದ ಪಟ್ಟಿಯಲ್ಲಿ ಗೀರು ಕೊರೆದೆ, ತಂತಿ ಅಲ್ಲಾಡದೆ ಕೂತ್ಕೊಂಡ್ತು. ಮುಗಿದ ಬೆಸುಗೆ ಮೇಲೆ ಒದ್ದೆ ಬಟ್ಟೆ ಇಟ್ಟೆ, ಶಾಖ ಅಲ್ಲಿಗೆ ಹೋಗಲಿಲ್ಲ. ಆಮೇಲೆ ಫ್ಲಕ್ಸ್ ಪೂರ್ತಿ ತೊಳೆದೆ, ಇಲ್ಲಾಂದ್ರೆ ಹಿತ್ತಾಳೆ ಹಸಿರುಗಟ್ಟುತ್ತೆ.

ಈಗ ರೇಲಿಂಗ್ ನೆಟ್ಟಗೆ ನಿಂತಿದೆ. ನಿಮ್ಮ ಅಟ್ಟದಲ್ಲೂ ಇಂಥ ಡಬ್ಬಿ ಇದ್ರೆ, ಈ ಭಾನುವಾರ ಇಳಿಸಿ ನೋಡಿ.